ರಾಮಲಿಂಗಪ್ಪನವರ ಅಯಸ್ಕಾಂತ

ರಾಮದುರ್ಗದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಮುಖ್ಯಸ್ಥರಾಗಿದ್ದ ಡಾ. ರಾಮಲಿಂಗಪ್ಪನವರು ಸುರೇಬಾನದ ಪಶು ಆಸ್ಪತ್ರೆಗೆ ಬಂದದ್ದು ಚಹಾದ ಥರ್ಮಾಸ್ ಹಿಡಿದುಕೊಂಡು. ಕಾರಿನಿಂದ ಇಳಿದವರು ಮೊದಲು ಮೂಗಿಗೆ ಕರವಸ್ತ್ರ ಇಟ್ಟರು. ಆಮೇಲೆ ಸೆಗಣಿಯಿಲ್ಲದ ಅಂಗೈ ಅಗಲದ ಜಾಗ ಹುಡುಕಿ ಅಲ್ಲಿ ನಿಂತು, "ಡಾಕ್ಟರ್ ಯಾರದಾರ ಇಲ್ಲೆ?" ಎಂದು ಕೇಳಿದರು.

ರಾಜೇಶ್ವರಿ ಒಂದು ಆಕಳಿನ ಹಿಂದೆ ನಿಂತಿದ್ದಳು. ಭುಜದವರೆಗೆ ಪ್ಲಾಸ್ಟಿಕ್ ಗವಸು ಹಾಕಿದ ಅವಳ ಎಡಗೈ ಆಕಳಿನ ಒಳಗಿತ್ತು. "ಡಾಕ್ಟರ್ ಹುದ್ದಿ ಮೂರ ವರ್ಷದಿಂದ ಖಾಲಿ ಐತ್ರಿ. ಏನ ಬೇಕಿತ್ತು, ನನಗ ಹೇಳ್ರಿ" ಎಂದಳು.

ಅವಳು ಜಾನುವಾರು ಪರೀಕ್ಷಕಿ. ಹನ್ನೊಂದು ವರ್ಷದಿಂದ ಸುತ್ತಲಿನ ಊರುಗಳ ದನ-ಎಮ್ಮೆಗಳಿಗೆ ಗರ್ಭ ಕಟ್ಟಿಸುವ ಕೆಲಸ ಅವಳದು. ಊರವರ ಬಾಯಲ್ಲಿ ಡಾಕ್ಟರಬಾಯಿ. ಒಳ್ಳೆಯ ತಳಿಯ ಕೋಣ, ಹೋರಿಗಳ ವೀರ್ಯ ಸಣ್ಣ ಕಡ್ಡಿಗಳಲ್ಲಿ ತುಂಬಿ ಬರುತ್ತದೆ. ಅವು ಕೆಡಬಾರದೆಂದರೆ ನೈಟ್ರೋಜನ್ ದ್ರವದಲ್ಲಿ ಮುಳುಗಿರಬೇಕು. ಸೊನ್ನೆಗಿಂತ ನೂರಾ ತೊಂಬತ್ತಾರು ಡಿಗ್ರಿ ಕೆಳಗಿನ ಚಳಿ. ಹದಿನೈದು ದಿನಕ್ಕೊಮ್ಮೆ ವಾಹನ ಬಂದು ಆಸ್ಪತ್ರೆಯ ದೊಡ್ಡ ಕ್ಯಾನು ತುಂಬಿ ಹೋಗುತ್ತಿತ್ತು. ಆ ಕ್ಯಾನನ್ನು ಅವಳು ಕೂಸಿನಂತೆ ಕಾಯುತ್ತಿದ್ದಳು.

ರಾಮಲಿಂಗಪ್ಪನವರು ಅವಳ ಕೈ ನೋಡಿದರು, ಅದು ಎಲ್ಲಿದೆಯೆಂದು ನೋಡಿದರು, ಬಹುವಚನ ಅಲ್ಲಿಗೇ ಬಿಟ್ಟರು.

"ನಿನ್ನ ಕಡೆ ಲಿಕ್ವಿಡ್ ನೈಟ್ರೋಜನ್ ಇರತೈತೆಲ್ಲಾ? ಈ ಥರ್ಮಾಸಿನ್ಯಾಗ ಒಂದೀಟ ತುಂಬಿ ಕೊಡವಾ. ನಾಡದ ನಮ್ಮ ಕಾಲೇಜಿನ್ಯಾಗ ರಾಷ್ಟ್ರೀಯ ವಿಚಾರ ಸಂಕಿರಣ ಐತಿ. ಸೂಪರ್ ಕಂಡಕ್ಟರ್ ಬಗ್ಗೆ. ನಿನಗ ತಿಳಿಯೂದಿಲ್ಲ ಬಿಡು."

ರಾಜೇಶ್ವರಿ ಕೈ ಹೊರಗೆ ತೆಗೆದಳು, ಗವಸು ಕಳಚಿದಳು, ಬಕೆಟಿನ ನೀರಲ್ಲಿ ನಿಧಾನಕ್ಕೆ ಕೈ ತೊಳೆದಳು. ಥರ್ಮಾಸಿನ ಮುಚ್ಚಳವನ್ನೊಮ್ಮೆ ತಿರುವಿ ನೋಡಿದಳು.

"ಇದನ್ನ ಬಿಗಿ ಮುಚ್ಚಿಕೊಂಡ ಒಯ್ಯಾವ್ರೇನ್ರಿ?"

"ಮತ್ತ? ಚೆಲ್ಲಬಾರದಲ್ಲಾ."

"ಹಂಗಾರ ದಾರಿಯೊಳಗ ಕಾರಿನ ಟಾಪ್ ಹಾರತೈತ್ರಿ. ಅದು ಸುಮ್ಮನ ಕುಂದ್ರೂ ಸಾಮಾನಲ್ಲ. ಕುದ್ದು ಕುದ್ದು ಗಾಳಿ ಆಕ್ಕೋತ ಇರತೈತಿ. ಬಾಯಿ ಮುಚ್ಚಿದ್ರ ಸಿಡೀತೈತಿ."

ರಾಮಲಿಂಗಪ್ಪನವರ ಕಿವಿ ಕೆಂಪಾದವು. "ನನಗ ಕಲಸಾಕ ಬರ್ತಿ ಏನ? ಈ ವಿಷಯದಾಗ ನಂದು ಹತ್ತೊಂಬತ್ತು ಪೇಪರ್ ಅದಾವ."

"ಪೇಪರಿಗೆ ಮುಚ್ಚಳಾ ಇರೂದಿಲ್ಲಲ್ರಿ" ಎಂದಳು ರಾಜೇಶ್ವರಿ. ಆಕಳಿನ ಹಗ್ಗ ಹಿಡಿದು ನಿಂತಿದ್ದ ಮುದುಕ ಕಿಸಕ್ಕನೆ ನಕ್ಕ.

ಆವತ್ತೇ ಅವಳಿಗೆ ಆ ಮನುಷ್ಯನ ಬಗ್ಗೆ ಹೇಸಿಗೆ ಹುಟ್ಟಿತು. ಸೆಗಣಿಗೆ ಮೂಗು ಮುಚ್ಚಿದ್ದಕ್ಕಲ್ಲ. ಅದನ್ನು ಮಾಡದ ಪೇಟೆಯವರನ್ನು ಅವಳು ಕಂಡೇ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ತಂಪಿನ ಮೇಲೆಯೇ ಪಾಠ ಹೇಳುತ್ತ, ಪೇಪರ್ ಬರೆಯುತ್ತ, ಪದವಿ ಏರುತ್ತ ಬಂದವನು ಒಮ್ಮೆಯೂ ಆ ತಂಪನ್ನು ಕೈಯಾರೆ ಹಿಡಿದಿರಲಿಲ್ಲ. ಎಂದೂ ಹಾಲು ಕರೆಯದವನು ಗೌಳಿಗಿತ್ತಿಗೆ ಬುದ್ಧಿ ಹೇಳಿದ ಹಾಗಿತ್ತು.

ಮರುದಿನ ಮೇಲಧಿಕಾರಿಯ ಫೋನ್ ಬಂತು. ರಾಮಲಿಂಗಪ್ಪನವರು ಎಲ್ಲೆಲ್ಲಿ ಹೇಳಿಸಬೇಕೋ ಅಲ್ಲೆಲ್ಲ ಹೇಳಿಸಿದ್ದರು. "ನೀವ ಕ್ಯಾನ್ ತಗೊಂಡ ಹೋಗಿ ಕೊಟ್ಟ ಬರ್ರಿ ರಾಜೇಶ್ವರಿ. ಸುಮ್ಮ ತಕರಾರ ಬ್ಯಾಡ." ಹೀಗಾಗಿ ಆ ಶುಕ್ರವಾರ ಬೆಳಿಗ್ಗೆ ಅವಳು ಮೂರು ಲೀಟರಿನ ಸಣ್ಣ ಕ್ಯಾನನ್ನು ಸ್ಕೂಟಿಗೆ ಬಿಗಿದು, ಹೇಗೂ ಆ ಕಡೆ ಹೋಗುವುದಿದೆಯೆಂದು ಅದರೊಳಗೆ ಮುರ್ರಾ ತಳಿಯ ಕೋಣದ ನಾಲ್ಕು ಕಡ್ಡಿ ಇಳಿಬಿಟ್ಟು, ರಾಮದುರ್ಗಕ್ಕೆ ಹೋದಳು.

ಸಭಾಂಗಣದ ಬಾಗಿಲಲ್ಲಿ ರಂಗೋಲಿ ಹಾಕಿದ್ದರು. ರಾಮಲಿಂಗಪ್ಪನವರು ಸೂಟಿನಲ್ಲಿದ್ದರು. ಅವಳನ್ನು ನೋಡಿ, "ಒಳಗ ತರಬ್ಯಾಡ. ಕರದಾಗ ಬಾ" ಎಂದು ವೆರಾಂಡದ ಕಡೆ ಬೊಟ್ಟು ಮಾಡಿದರು. ಅವಳಿಗೆ ಕುರ್ಚಿ, ಚಹಾ ತಂದುಕೊಟ್ಟವಳು ಹಿನಾಕೌಸರ ಎಂಬ ತೆಳ್ಳಗಿನ ಹುಡುಗಿ. ಸವದತ್ತಿಯವಳು, ಟೆಂಪೊ ಓಡಿಸುವ ಬುರಾನಸಾಬನ ಮಗಳು. ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿ.

"ಏನ ಮಾಡತಾರವ್ವಾ ಇದರಲೆ?" ಎಂದು ರಾಜೇಶ್ವರಿ ಕೇಳಿದಳು.

ಹಿನಾ ಅವಳ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. "ಕೆಲವೊಂದ ವಸ್ತು ಅದಾವ್ರಿ ಅಕ್ಕಾರ. ಇಷ್ಟ ತಂಪ ಆದ್ರ ಅದರಾಗ ಕರೆಂಟ್ ಎಲ್ಲೂ ತಡೀದಂಗ ಹರೀತೈತಿ, ಒಂದ ಚೂರೂ ಕಡಿಮಿ ಆಗಲಾರದಂಗ. ಮ್ಯಾಲೊಂದ ಅಯಸ್ಕಾಂತ ಇಟ್ರ ಅದನ್ನ ಹತ್ರ ಬಿಟಗೊಳ್ಳೂದಿಲ್ಲ. ಹಂಗ ಗಾಳ್ಯಾಗ ತೇಲಸತೈತಿ."

"ತೇಲತೈತಿ?"

"ಹೌದ್ರಿ. ನಾನೂ ವಿಡಿಯೋದಾಗ ನೋಡೇನಿ ಅಷ್ಟ. ಕಣ್ಣಲೆ ನೋಡಿಲ್ಲ."

ಒಳಗೆ ಸ್ವಾಗತ ನಡೆಯಿತು, ದೀಪ ಹಚ್ಚಿದರು, ಶಾಲು ಹೊದಿಸಿದರು, ಹೊದಿಸಿದವರಿಗೆ ಮತ್ತೆ ಶಾಲು ಹೊದಿಸಿದರು. ರಾಮಲಿಂಗಪ್ಪನವರ ಪ್ರಾಸ್ತಾವಿಕ ನುಡಿ ಐವತ್ತು ನಿಮಿಷ ಹಿಡಿಯಿತು. ಸೂಪರ್ ಕಂಡಕ್ಟರುಗಳಿಂದ ರೈಲು ಹಾರುತ್ತದೆ, ದೇಶ ಹಾರುತ್ತದೆ, ನಮ್ಮ ಲ್ಯಾಬಿನಲ್ಲಿ ತಯಾರಾದ ವಸ್ತುವನ್ನು ಜಗತ್ತು ತಿರುಗಿ ನೋಡುತ್ತದೆ ಎಂದರು. ಮೇಜಿನ ಮೇಲಿದ್ದ ಕರಿಯ ಬಿಲ್ಲೆ ಆನ್‌ಲೈನಿನಲ್ಲಿ ತರಿಸಿದ್ದೆಂದು, ಅದರ ಡಬ್ಬಿಯನ್ನು ತಾನೇ ಒಡೆದೆನೆಂದು ಹಿನಾ ಪಿಸುಗುಟ್ಟಿದಳು.

ಹನ್ನೆರಡರ ಹೊತ್ತಿಗೆ ತೊರಗಲ್ಲಿನ ಯಮನಪ್ಪ ಫೋನ್ ಮಾಡಿದ. "ಡಾಕ್ಟರಬಾಯಾರ, ಎಮ್ಮಿ ನಿನ್ನಿ ಸಂಜಿಂದ ಒದರಾಕ ಹತ್ತೈತ್ರಿ. ಹ್ವಾದ ಎರಡ ಸಲ ತಡಾ ಆಗಿ ಕಟ್ಟಿಲ್ಲ. ಇವತ್ತ ಬಿಟ್ರ ಮತ್ತ ಇಪ್ಪತ್ತೊಂದ ದಿನಾ ನೋಡ್ರಿ."

ಎಮ್ಮೆಯ ಬೆದೆ ಯಾರ ಪ್ರಾಸ್ತಾವಿಕ ನುಡಿಗೂ ಕಾಯುವುದಿಲ್ಲ. ರಾಜೇಶ್ವರಿ ಸೀದಾ ವೇದಿಕೆಯ ಪಕ್ಕಕ್ಕೆ ಹೋದಳು. ಮೇಜಿನ ಮೇಲಿದ್ದ ಥರ್ಮಾಕೋಲ್ ಡಬ್ಬಿಯಲ್ಲಿ ನೈಟ್ರೋಜನ್ ಸುರಿದಳು. ಬಿಳಿ ಹೊಗೆ ಮೇಜಿನ ಅಂಚಿನಿಂದ ಇಳಿದು ಮುಂದಿನ ಸಾಲಿನವರ ಬೂಟು ಮುಟ್ಟಿತು. ಸಭೆ ಹೋ ಎಂದಿತು.

"ಸರ, ಇದು ಹದಿನೈದ ಮಿನಿಟ ಇರತೈತಿ. ಈಗ ಮಾಡಿ ತೋರಸ್ರಿ."

"ಶಾಸಕರು ಬಂದಿಲ್ಲ ಇನ್ನೂ!" ರಾಮಲಿಂಗಪ್ಪನವರು ಹಲ್ಲು ಕಚ್ಚಿ ಹೇಳಿದರು. "ಮತ್ತ ಸುರಿದ್ರಾತು. ಹೊರಗ ಕುಂದರು."

"ನನ್ನ ಕಡೆ ಉಳದದ್ದು ಎಮ್ಮಿದ್ರಿ" ಎಂದು ಹೇಳಿ ಅವಳು ಕ್ಯಾನ್ ಎತ್ತಿಕೊಂಡು ನಡೆದಳು. ಹಿಂದಿನಿಂದ "ಏ, ನಿಲ್ಲು" ಎಂದದ್ದು ಕೇಳಿತು. ಸ್ಕೂಟಿ ಚಾಲೂ ಮಾಡುವಾಗ ಅದೇ ಗಂಟಲು "ಮೇಡಂ, ಮೇಡಂ" ಎಂದದ್ದೂ ಕೇಳಿತು. ಅವಳು ತಿರುಗಿ ನೋಡಲಿಲ್ಲ.

ತೊರಗಲ್ಲಿನಲ್ಲಿ ಎಮ್ಮೆಯ ಕೆಲಸ ಮುಗಿಸಿ, ಯಮನಪ್ಪನ ಹೆಂಡತಿ ಬಡಿಸಿದ ರೊಟ್ಟಿ ತಿಂದು, ಅವಳು ಸುರೇಬಾನಕ್ಕೆ ಮರಳಿದಳು. ಮೇಲಧಿಕಾರಿಯ ನೋಟಿಸು ಬರುತ್ತದೆಂದು ಕಾದಳು. ಬಂದದ್ದು ಮಾತ್ರ ಮರುದಿನದ ಪತ್ರಿಕೆ. ಅದರಲ್ಲಿ ಮೂರು ಅಂಕಣದ ಫೋಟೊ: ರಾಮಲಿಂಗಪ್ಪನವರು ಕೈ ಚಾಚಿದ್ದಾರೆ, ಶಾಸಕರು ಬಾಯಿ ತೆರೆದಿದ್ದಾರೆ, ಡಬ್ಬಿಯ ಮೇಲೆ ಒಂದು ಬೆರಳಷ್ಟು ಎತ್ತರದಲ್ಲಿ ಅಯಸ್ಕಾಂತ ತೇಲುತ್ತಿದೆ. 'ರಾಮದುರ್ಗದ ವಿಜ್ಞಾನಿಯ ಅದ್ಭುತ' ಎಂದು ಶೀರ್ಷಿಕೆ.

ರಾಜೇಶ್ವರಿ ಆ ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದಳು. ಎಲ್ಲಿಯೂ ಹೊಗೆಯಿರಲಿಲ್ಲ. ಡಬ್ಬಿ ಒಣಗಿತ್ತು. ಅಲ್ಲಿ ನೈಟ್ರೋಜನ್ ಇದ್ದಿದ್ದರೆ ಶಾಸಕರ ತೋಳು ಕಾಣಿಸುವುದೇ ಕಷ್ಟವಿತ್ತು. ಇನ್ನೂರು ಜನ ಕಲಿತವರು ಕುಳಿತ ಸಭೆಯಲ್ಲಿ ಹೊಗೆ ಎಲ್ಲಿ ಹೋಯಿತೆಂದು ಕೇಳುವ ಒಬ್ಬ ಗಂಡಸೂ, ಒಬ್ಬ ಹೆಂಗಸೂ ಇರಲಿಲ್ಲ. ಸಂತೆಯಲ್ಲಿ ಹಲ್ಲು ನೋಡದೆ ಎತ್ತು ಕೊಳ್ಳುವವನನ್ನು ಕಂಡರೆ ಊರೇ ನಗುತ್ತದೆ. ಇಂಥವರಿಗೆ ಶಾಲು ಹೊದಿಸುತ್ತಾರೆ.

ನಾಲ್ಕು ದಿನದ ಮೇಲೆ ಹಿನಾಕೌಸರ ಬಸ್ಸಿಳಿದು ಆಸ್ಪತ್ರೆಗೆ ಬಂದಳು.

"ಹೆಂಗ ತೇಲಿತವ್ವಾ ಅದು?" ರಾಜೇಶ್ವರಿ ನಮಸ್ಕಾರಕ್ಕೂ ಬಿಡದೆ ಕೇಳಿದಳು.

"ಮೀನ ಹಿಡಿಯೂ ದಾರದಲೆ ಕಟ್ಟಿತ್ರಿ." ಹಿನಾ ನೆಲ ನೋಡಿದಳು. "ಕಟ್ಟಿದಾಕಿ ನಾನ."

"ಥೂ" ಎಂದಳು ರಾಜೇಶ್ವರಿ. "ಅವಾ ಹೇಳಿದ, ನೀ ಕಟ್ಟಿದಿ? ಎಂ.ಎಸ್ಸಿ. ಕಲ್ತದ್ದು ಇದಕೇನು?"

ಹುಡುಗಿ ಚೀಲದಿಂದ ಒಂದು ಔಷಧಿ ಡಬ್ಬಿ ತೆಗೆದು ಅದರೊಳಗಿನ ಹತ್ತಿ ಬಿಡಿಸಿದಳು. ರೂಪಾಯಿ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ, ಒರಟು ಒರಟಾಗಿ, ಒಂದು ಮಗ್ಗುಲಲ್ಲಿ ಹಸಿರು ಹಾಯ್ದದ್ದು.

"ಇದು ನಾ ಮಾಡಿದ್ದರಿ. ಪುಡಿ ಅರದು, ಒತ್ತಿ, ಕಾಲೇಜಿನ ಭಟ್ಟಿಯೊಳಗ ಸುಟ್ಟೇನಿ. ಕರೇದ ಆಗಬೇಕಿತ್ತು. ಹಸರ ಬಂದೈತಿ ಅಂದ್ರ ಬಹುಶಃ ಕೆಟ್ಟೈತಿ. ಆದ್ರೂ ಒಮ್ಮಿ ನೋಡಬೇಕ್ರಿ. ಒಂದ ಬಟ್ಟಲ ನೈಟ್ರೋಜನ್ ಸಾಕು."

ರಾಜೇಶ್ವರಿಗೆ ಇಲ್ಲವೆನ್ನುವ ಮನಸ್ಸೇ ಇತ್ತು. ಆದರೆ "ಬಹುಶಃ ಕೆಟ್ಟೈತಿ" ಎಂಬ ಮಾತು ರಾಮಲಿಂಗಪ್ಪನವರ ಬಾಯಿಂದ ಈ ಜನ್ಮದಲ್ಲಿ ಬರುವಂಥದ್ದಲ್ಲ. ಮರುದಿನ ನೈಟ್ರೋಜನ್ ವಾಹನ ಬರುವುದಿತ್ತು, ಕ್ಯಾನಿನ ತಳದಲ್ಲಿ ಬೇಕಾಗುವುದಕ್ಕಿಂತ ತುಸು ಹೆಚ್ಚೇ ಉಳಿದಿತ್ತು. ಸ್ಟೀಲಿನ ಬಟ್ಟಲಲ್ಲಿ ಸುರಿದು ಕೊಟ್ಟಳು. ಹಿನಾ ಇಕ್ಕಳದಿಂದ ಬಿಲ್ಲೆ ಇಳಿಸಿದಳು, ಕುದಿತ ನಿಂತ ಮೇಲೆ ಚೂರು ಅಯಸ್ಕಾಂತ ಅದರ ಮೇಲಿಟ್ಟಳು. ಅದು ಟಕ್ಕೆಂದು ಕುಳಿತೇ ಬಿಟ್ಟಿತು. ತೇಲಲಿಲ್ಲ, ಅಲುಗಲಿಲ್ಲ.

ಹಿನಾ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ 'ಇಲ್ಲ' ಎಂದು ಬರೆದು, ಅದರ ಕೆಳಗೆ ಗೆರೆ ಎಳೆದಳು.

ಅಲ್ಲಿಂದ ಪ್ರತಿ ಹದಿನೈದು ದಿನಕ್ಕೆ, ವಾಹನ ಬರುವ ಹಿಂದಿನ ದಿನ, ಅವಳು ಬಂದಳು. ಎರಡನೆಯದು ಬಟ್ಟಲಲ್ಲೇ ಸೀಳಿತು. ಮೂರನೆಯದು ಕರ್ರಗೆ ಚಂದ ಇತ್ತು, ಆದರೂ ಇಲ್ಲ. ಆರುವಾಗ ಅದಕ್ಕೆ ಆಮ್ಲಜನಕ ಸಾಲುವುದಿಲ್ಲವೆಂದು ಹಿನಾ ತರ್ಕಿಸಿದಳು. ಕೊರೊನಾ ಕಾಲದಲ್ಲಿ ಸವದತ್ತಿಯ ಜಮಾತಿನವರು ತಂದಿಟ್ಟಿದ್ದ ಆಮ್ಲಜನಕದ ಯಂತ್ರ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಬುರಾನಸಾಬ ಅದನ್ನು ಕೇಳಿ ತಂದು, ಟೆಂಪೊದಲ್ಲಿ ಹಾಕಿ ಕಾಲೇಜಿಗೆ ಮುಟ್ಟಿಸಿದ. ಭಟ್ಟಿಯೊಳಗೆ ಆ ಗಾಳಿ ಬಿಡುತ್ತ, ಒಂದು ಹಗಲಿಡೀ ಕಾದು, ಬಿಲ್ಲೆಯನ್ನು ಅವಳು ಮೆಲ್ಲಗೆ ಆರಿಸಿದಳು.

ನಾಲ್ಕನೆಯದು ತೇಲಿತು.

ಹೆಚ್ಚೇನಿಲ್ಲ, ಎರಡು ಅಕ್ಕಿ ಕಾಳಿನಷ್ಟು ಎತ್ತರ. ರಾಜೇಶ್ವರಿ ಬಗ್ಗಿ ನೋಡಿದಳು. ಅಯಸ್ಕಾಂತಕ್ಕೂ ಬಿಲ್ಲೆಗೂ ನಡುವೆ ಬಟ್ಟಲಿನ ಆಚೆಯ ಅಂಚು ಕಾಣಿಸುತ್ತಿತ್ತು. ಮೂಗಿನ ನತ್ತಿನಷ್ಟು ತೂಕದ ಆ ಚೂರನ್ನು ಹಿನಾ ಕಡ್ಡಿಯಿಂದ ತಾಗಿಸಿದಳು. ಅದು ಗಿರ್ರನೆ ತಿರುಗಿತು, ತಿರುಗುತ್ತಲೇ ಇತ್ತು. ಹನ್ನೊಂದು ವರ್ಷ ತಾನು ಹೊತ್ತು ತಿರುಗಿದ ಚಳಿಯೊಳಗೆ ಇಂಥದ್ದೊಂದು ಅಡಗಿತ್ತೆಂದು ರಾಜೇಶ್ವರಿಗೆ ಗೊತ್ತಿರಲಿಲ್ಲ.

"ಯವ್ವಾ" ಎಂದಳು ಅಷ್ಟೇ. ಹಿನಾಳ ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಅವಳು ಮೊದಲು ಗಡಿಯಾರ ನೋಡಿ ಹೊತ್ತು ಬರೆದುಕೊಂಡಳು.

ಸುದ್ದಿ ನಿಲ್ಲಲಿಲ್ಲ. ಒಂದೇ ವಾರದಲ್ಲಿ ರಾಮಲಿಂಗಪ್ಪನವರ ಕಾರು ಮತ್ತೆ ಆಸ್ಪತ್ರೆಯ ಮುಂದೆ ನಿಂತಿತು. ಜೊತೆಗೆ ಕ್ಯಾಮೆರಾದವನು. ಈ ಸಲ ಕರವಸ್ತ್ರ ಹೊರಗೆ ಬರಲಿಲ್ಲ.

"ರಾಜೇಶ್ವರಿ ಮೇಡಂ, ನಮ್ಮ ವಿಭಾಗದ ಸಂಶೋಧನೆಗೆ ನಿಮ್ಮ ಸಹಕಾರ ದೊಡ್ಡದು. ಆ ಸ್ಯಾಂಪಲ್ ಲ್ಯಾಬಿನಿಂದ ತಂದೇನಿ. ಒಂದ ಬಟ್ಟಲ ಕೊಡ್ರಿ, ಇಲ್ಲೇ ಒಂದ ಫೋಟೊ ತಕ್ಕೊಂಡ ಬಿಡತೇವಿ."

"ಹಿನಾ ಎಲ್ಲಿ?"

"ಆಕಿಗೆ ಕ್ಲಾಸ್ ಐತಿ."

ರಾಜೇಶ್ವರಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸಿಟ್ಟು ಬರಲಿಲ್ಲ. ಸಿಟ್ಟಿಗೂ ಎದುರಿನವನಲ್ಲಿ ಒಂದಿಷ್ಟು ತೂಕ ಬೇಕು.

"ಎಮ್ಮಿ ಇದ್ರ ಹೊಡಕೊಂಡ ಬರ್ರಿ" ಎಂದಳು. "ಬೆದಿಗಿ ಬಂದಿರಬೇಕು. ಚೀಟಿ ಮಾಡಸ್ರಿ, ಸಾಲಿನ್ಯಾಗ ನಿಂದರ್ರಿ. ಇಲ್ಲಾಂದ್ರ ದಾರಿ ಬಿಡ್ರಿ, ಹಿಂದ ಆಕಳ ನಿಂತಾವು."

ಕ್ಯಾಮೆರಾದವನು ಬಾಯಿಗೆ ಕೈ ಅಡ್ಡ ಹಿಡಿದ. ರಾಮಲಿಂಗಪ್ಪನವರು ಹಿಂದಕ್ಕೆ ಸರಿದು, ಸೆಗಣಿಯಲ್ಲೇ ಕಾಲಿಟ್ಟರು.

ಆದರೆ ಅಂಥವರು ಕಾಲು ಒರೆಸಿಕೊಂಡು ಮುಂದೆ ನಡೆಯುತ್ತಾರೆ. ಜೂನ್ ತಿಂಗಳಲ್ಲಿ ಅವರು ಪ್ರಾಂಶುಪಾಲರಾದರು. ಹೊಸ ಶೈಕ್ಷಣಿಕ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ಹಿನಾಕೌಸರಳ ಹೆಸರಿರಲಿಲ್ಲ. ಅವಳು ಬೈಲಹೊಂಗಲದ ಒಂದು ಕಾಲೇಜಿಗೆ ಸೇರಿದಳು. ದಸರೆಯ ಹೊತ್ತಿಗೆ ಇಪ್ಪತ್ತನೆಯ ಪೇಪರ್ ಬಂತು. ಅದನ್ನು ಹಿನಾಳೇ ಆಸ್ಪತ್ರೆಗೆ ಬಂದು ಫೋನಿನಲ್ಲಿ ತೆಗೆದು ತೋರಿಸಿದಳು. ಬಿಲ್ಲೆಯ ಫೋಟೊ ಅವಳದೇ. ಹೆಸರು ರಾಮಲಿಂಗಪ್ಪನವರದು. ಈ ವಸ್ತು ಬರಿಯ ಮಂಜುಗಡ್ಡೆಯ ತಂಪಿನಲ್ಲೇ ಅಯಸ್ಕಾಂತ ತೇಲಿಸುತ್ತದೆ ಎಂದು ಬರೆದಿದ್ದರು.

"ಐಸಿನ್ಯಾಗ?" ರಾಜೇಶ್ವರಿಗೆ ನಗು ಬಂತು. "ಐಸ್ ಕ್ಯಾಂಡಿ ಡಬ್ಬಿಯೊಳಗ ತೇಲತೈತಂತ?"

"ಯಾರರ ಅಳದ ನೋಡಿದ್ರ ಸುಳ್ಳು ಅಂತ ಗೊತ್ತ ಆಗತೈತ್ರಿ ಅಕ್ಕಾರ."

"ಯಾರ ಅಳೀತಾರವ್ವಾ?"

ಹಿನಾ ಫೋನಿನ ಪರದೆಯನ್ನು ಬೆರಳಿಂದ ಸರಿಸಿದಳು. ಆ ಪೇಪರಿಗೆ ಅದಾಗಲೇ ಏಳು ಜನ ಮೆಚ್ಚುಗೆ ಬರೆದಿದ್ದರು. ಅವರಲ್ಲಿ ಯಾರೂ ಅಳೆಯುವವರಲ್ಲ; ಅವರೂ ಇಂಥವೇ ಬರೆಯುವವರು.

"ನಾ ಅಳೀತೇನ್ರಿ" ಎಂದಳು ಕೊನೆಗೆ. "ಅದರ ಜೋಡಿ ಸುಟ್ಟ ಇನ್ನೊಂದ ಬಿಲ್ಲಿ ನನ್ನ ಕಡೆ ಐತಿ. ಅದನ್ನ ಐಸಿನ್ಯಾಗ ಇಟ್ಟು, ತೇಲೂದಿಲ್ಲ ಅಂತ ಬರದು, ಆ ಪೇಪರ್ ಹಾಕಿದ ಪತ್ರಿಕಿಗೇ ಕಳಸ್ತೇನಿ. ಅವರು ಹಾಕಿದ್ರ ಹಾಕಲಿ, ಬಿಟ್ರ ಬಿಡಲಿ."

ರಾಜೇಶ್ವರಿ ಎದ್ದು ಚಪ್ಪಲಿ ಮೆಟ್ಟಿದಳು. ಬಸ್‌ಸ್ಟ್ಯಾಂಡಿನ ಪಕ್ಕದ ಗೋಲಿಸೋಡಾ ಅಂಗಡಿಯಲ್ಲಿ ಮಂಜುಗಡ್ಡೆ ಸಿಗುತ್ತಿತ್ತು. ಇಬ್ಬರೂ ಒಂದು ಬಕೆಟ್ ಹಿಡಿದುಕೊಂಡು ಆ ಕಡೆ ಹೊರಟರು.