ಎಲ್ಲರ ಕೈಯಲ್ಲೂ ಒಂದೇ ಪಾಸ್‌ವರ್ಡ್

ನಡುರಾತ್ರಿ. ರಕ್ತನಿಧಿಯ ಲೇಬಲ್ ಪ್ರಿಂಟರ್ ಟಿಕ್ ಟಿಕ್ ಎಂದಿತು. ಟೆಕ್ನಿಷಿಯನ್ ಅತ್ತಿಗೆ ಕಾಯುತ್ತಿದ್ದದ್ದು ಒಂದೇ ಲೇಬಲ್‌ಗೆ. ಪ್ರಿಂಟರ್ ನಿಲ್ಲಲೇ ಇಲ್ಲ.

ಮೇಲಿನ ಮಹಡಿಯಲ್ಲಿ ಪಾಳಿಯಲ್ಲಿದ್ದ ನಾದಿನಿಗೆ ಫೋನ್ ಹೋಯಿತು. ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವವಳು ಅವಳೇ.

"ಬೇಗ ಬಾರೇ! ಎಲ್ಲಾ ರಕ್ತದ ಚೀಲಕ್ಕೂ ಎ ಪಾಸಿಟಿವ್ ಅಂತಾನೇ ಬರ್ತಿದೆ!"

ಹೆರಿಗೆ ಕೋಣೆಯಲ್ಲಿ ಬಾಣಂತಿಯೊಬ್ಬಳ ರಕ್ತಸ್ರಾವ ನಿಂತಿರಲಿಲ್ಲ. ಅವಳಿಗೆ ಬೇಕಿದ್ದದ್ದು ಎ ಪಾಸಿಟಿವ್. ಹೊಸ ಲೇಬಲ್ ಅಂಟಿಸಿದ ಚೀಲ ಹಿಡಿದು ನರ್ಸ್ ಆಗಲೇ ಬಾಗಿಲು ದಾಟಿದ್ದಳು. ಅತ್ತಿಗೆ ಓಡಿಹೋಗಿ ಕಸಿದುಕೊಂಡರು. ಕೈಯಾರೆ ಪರೀಕ್ಷಿಸಿದರು.

ಒಳಗಿದ್ದದ್ದು ಬಿ.

ಅತ್ತಿಗೆ ಇನ್ನೊಂದು ಚೀಲ ತೆಗೆದು, ಎರಡೆರಡು ಸಲ ನೋಡಿ, ಸರಿಯಾದ ರಕ್ತ ಕಳುಹಿಸಿದ ಮೇಲೆಯೇ ಕುಳಿತರು. ಅಷ್ಟರಲ್ಲಿ ನಾದಿನಿ ಬಂದು ಕಂಪ್ಯೂಟರ್ ನೋಡುತ್ತಿದ್ದಳು.

"ನಾನು ತಿದ್ದಿದ್ದು ಒಂದೇ ಚೀಲದ ಗುಂಪು ಕಣೇ."

"ಅದರ ಜೊತೆ 'ಎಲ್ಲಕ್ಕೂ' ಅನ್ನೋ ಬಟನ್ನನ್ನೂ ಒತ್ತಿದ್ದೀರಿ. ಅದು ನಿಮಗೆ ಕಾಣಿಸಲೇಬಾರದಿತ್ತು. ದೊಡ್ಡ ಡಾಕ್ಟರ ಪಾಸ್‌ವರ್ಡ್‌ನಲ್ಲಿ ಎಲ್ಲರೂ ಕೆಲಸ ಮಾಡಿದರೆ ಇನ್ನೇನಾಗುತ್ತೆ?"

ಆ ಪಾಸ್‌ವರ್ಡ್ ಕಂಪ್ಯೂಟರಿನ ಅಂಚಿಗೇ ಅಂಟಿಕೊಂಡಿತ್ತು. ಬೆಳಿಗ್ಗೆ ಯಾರೋ ಒಬ್ಬರು ತೆರೆದರೆ, ದಿನವಿಡೀ ಎಲ್ಲರ ಕೆಲಸವೂ ಅದರಲ್ಲೇ. ಬೇರೆ ಬೇರೆ ಲಾಗಿನ್ ಕೊಡುತ್ತೇನೆಂದು ನಾದಿನಿ ಹಿಂದೆಯೇ ಹೇಳಿದ್ದಳು. "ನಾವೇನು ಕಳ್ಳರಾ? ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ರೇಗಿದ್ದವರು ಇದೇ ಅತ್ತಿಗೆ.

"ನಿಮ್ಮ ಮೇಲೆ ನಂಬಿಕೆ ಇದೆ ಅತ್ತಿಗೆ. ನಿಮ್ಮ ನಿದ್ದೆಗಣ್ಣಿನ ಮೇಲಿಲ್ಲ. ಇಲ್ಲಿ ಟೀ ಲೋಟ ಅದಲುಬದಲಾಗಬಾರದು ಅಂತ ಒಬ್ಬೊಬ್ಬರು ಒಂದೊಂದು ಬಣ್ಣದ ನೇಲ್ ಪಾಲಿಶ್ ಹಚ್ಚಿಟ್ಟಿದ್ದೀರಿ. ಜೀವ ಉಳಿಸೋ ಮಾಹಿತಿಗೆ ಮಾತ್ರ ಎಲ್ಲರ ಕೈಯಾ?"

ಅತ್ತಿಗೆ ತಲೆ ತಗ್ಗಿಸಿದರು. "ಯಾರಿಗೂ ಹೇಳಬೇಡ ಕಣೇ..."

"ಹೇಳದಿದ್ದರೆ ನಾಳೆ ಇನ್ನೊಬ್ಬರು ಒತ್ತುತ್ತಾರೆ."

ಇಬ್ಬರೂ ಹೋಗಿ ದೊಡ್ಡ ಡಾಕ್ಟರಿಗೆ ಹೇಳಿದರು. ಸಂಜೆ ತೆಗೆದಿಟ್ಟಿದ್ದ ಬ್ಯಾಕಪ್ ನಕಲಿನಿಂದ ಮಾಹಿತಿ ಮರಳಿ ಬಂತು. ಚೀಲಗಳೆಲ್ಲ ಮತ್ತೆ ಪರೀಕ್ಷೆಯಾದವು. ಬಾಣಂತಿ ಉಳಿದಳು. ಈಗ ಕೌಂಟರಿನವರು ಹೊಸದನ್ನು ಸೇರಿಸಬಹುದು, ಹಳೆಯದನ್ನು ನೋಡಬಹುದು, ಅಷ್ಟೇ. ಟೆಕ್ನಿಷಿಯನ್ ಒಂದು ಸಲಕ್ಕೆ ಒಂದೇ ಚೀಲದ ವಿವರ ತಿದ್ದಬಹುದು. ಎಲ್ಲವನ್ನೂ ಬದಲಿಸುವ ಅಧಿಕಾರ ನಾದಿನಿಯ ಬಳಿ ಮಾತ್ರ. ದಿನನಿತ್ಯದ ಕೆಲಸಕ್ಕೆ ಅವಳೂ ಅದನ್ನು ಬಳಸುವುದಿಲ್ಲ. ಕೆಲಸ ಬಿಟ್ಟುಹೋದವರ ಲಾಗಿನ್ ಅವತ್ತೇ ಮುಚ್ಚುತ್ತದೆ.

ನಿಮ್ಮ ಕಚೇರಿಯಲ್ಲಿ, ಸಂಘದಲ್ಲಿ, ಅಂಗಡಿಯಲ್ಲಿ ಪಾಸ್‌ವರ್ಡ್ ಎಲ್ಲಿ ಅಂಟಿದೆ? ಇವತ್ತೇ ಕಿತ್ತುಹಾಕಿ. ಯಾರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಿಸಿ.

ಮೊನ್ನೆ ರಕ್ತನಿಧಿಯಲ್ಲಿ ಗ್ಲೌಸ್ ಹಾಕಿ ಕೆಲಸದಲ್ಲಿದ್ದ ಹುಡುಗಿಯೊಬ್ಬಳು, "ಅಕ್ಕಾ, ನಿಮ್ಮ ಪಾಸ್‌ವರ್ಡ್ ಹೇಳಿಬಿಡಿ, ಅರ್ಜೆಂಟು" ಎಂದಳು.

"ಬೇಕಿದ್ದರೆ ನನ್ನ ಲೋಟದಲ್ಲಿ ಟೀ ಕುಡಿ," ಎಂದರು ಅತ್ತಿಗೆ. "ಪಾಸ್‌ವರ್ಡ್ ಮಾತ್ರ ಯಾರಿಗೂ ಹೇಳಲ್ಲ."