ತಾನಾಗಿ ರಿಪೇರಿಯಾದ ನಲ್ಲಿ

ವಾರದಿಂದ ತೊಟ್ಟಿಕ್ಕುತ್ತಿದ್ದ ಅಡುಗೆಮನೆಯ ನಲ್ಲಿ ಗುರುವಾರ ಮಧ್ಯಾಹ್ನದ ಹೊತ್ತಿಗೆ ಬಾಯಿ ಮುಚ್ಚಿಕೊಂಡಿತ್ತು. ಟೈಲರಮ್ಮ ಕೆಳಗಿಟ್ಟಿದ್ದ ಬಕೆಟ್ ನೋಡಿದಳು, ಒಣಗಿತ್ತು. ನಲ್ಲಿ ತಿರುಗಿಸಿದಳು, ನೀರು ಬಂತು. ನಿಲ್ಲಿಸಿದಳು, ನಿಂತಿತು. ಅವಳ ಎದೆ ಧಸಕ್ಕೆಂದಿತು.

ಬೇರೆ ಯಾರಾದರೂ ಆಗಿದ್ದರೆ ಪೀಡೆ ತೊಲಗಿತು ಎಂದು ಸುಮ್ಮನಾಗುತ್ತಿದ್ದರು. ಆದರೆ ಇದೇ ನಲ್ಲಿಗಾಗಿ ಅವಳಿಗೂ ಕೆಳಗಿನ ಮನೆಯ ಓನರಿಗೂ ವಾರವಿಡೀ ಜಟಾಪಟಿ ನಡೆದಿತ್ತು. ಓನರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದು ನಿವೃತ್ತನಾದ ಮನುಷ್ಯ. ಬಾಡಿಗೆ ಕರಾರಿನಲ್ಲಿ ತನ್ನ ಕೈಯಾರೆ ಒಂದು ಸಾಲು ಸೇರಿಸಿದ್ದ: ಗೋಡೆಯ ಒಳಗಿರುವುದರ ರಿಪೇರಿ ಮಾಲೀಕರದ್ದು, ಹೊರಗಿರುವುದರದ್ದು ಬಾಡಿಗೆದಾರರದ್ದು.

"ನಲ್ಲಿ ಹೊರಗಿದೆ. ವಾಷರ್ ನೀನೇ ಹಾಕಿಸ್ಕೋ," ಎಂದಿದ್ದ ಓನರು.

"ನೀರು ಎಲ್ಲಿಂದ ಬರ್ತಿದೆ ಸಾರ್? ಗೋಡೆ ಒಳಗಿಂದ ತಾನೆ? ನೀವೇ ಹಾಕ್ಸಿ," ಎಂದಿದ್ದಳು ಇವಳು.

"ಹಾಗಾದ್ರೆ ನಾಳೆ ಬಲ್ಬ್ ಸುಟ್ಟೋದ್ರೂ ಕರೆಂಟು ಗೋಡೆಯಿಂದ ಬಂತು ಅಂತೀಯ!"

"ಅಂತೀನಿ!"

ಇಬ್ಬರೂ ಪಟ್ಟು ಬಿಟ್ಟಿರಲಿಲ್ಲ. ಹಾಗಿರುವಾಗ ವಾಷರ್ ಹಾಕಿದವರು ಯಾರು? ತಾನು ಹೊರಗೆ ಹೋಗಿದ್ದಾಗ ಬಾಗಿಲಿಗೆ ಬೀಗವಿತ್ತು. ಒಂದು ಕೀ ಅವಳ ಹತ್ತಿರ, ಇನ್ನೊಂದು ಗಂಡನ ಹತ್ತಿರ. ಮೂರನೆಯದು ಕಳೆದುಹೋಗಿದೆ ಎಂದು ಮನೆಗೆ ಬಂದ ದಿನವೇ ಓನರು ಹೇಳಿದ್ದ.

ಶನಿವಾರ ಇನ್ನೊಂದಾಯಿತು. ಎಷ್ಟು ಗುದ್ದಿದರೂ ಕೂರದಿದ್ದ ಕಿಟಕಿಯ ಚಿಲಕ ಬೆಣ್ಣೆಯ ಹಾಗೆ ಜಾರಿ ಕೂತಿತು. ಮೂಸಿ ನೋಡಿದಳು, ಎಣ್ಣೆಯ ವಾಸನೆ.

ಲಾರಿ ಓಡಿಸುವ ಗಂಡ ಕೇಳಿ ನಕ್ಕ. "ಬಾಚ್ಕೊಂಡು ಹೋಗೋ ಕಳ್ಳನ್ನ ಕೇಳಿದೀನಿ. ರಿಪೇರಿ ಮಾಡಿ ಹೋಗೋ ಕಳ್ಳ ಸಿಕ್ಕಿದ್ರೆ ನನ್ನ ಲಾರಿ ಹತ್ರಾನೂ ಕಳ್ಸು."

"ನಗ್ಬೇಡ. ಕೇಳಿದಾಗ ಮಾಡದವನು ಕದ್ದು ಯಾಕೆ ಮಾಡ್ತಾನೆ? ಮನೆ ನೆಟ್ಟಗೆ ಮಾಡ್ತಿರೋದು ಬೇರೆಯವ್ರಿಗೆ ತೋರ್ಸೋಕೆ. ನಮ್ಮನ್ನ ಎಬ್ಬಿಸ್ತಾನೆ ನೋಡ್ತಿರು."

ಗಂಡನ ನಗು ನಿಂತಿತು. ಮುಂದಿನ ಕೋಣೆಯಲ್ಲಿ ಒಂದು ಶಾಲೆಯ ಇನ್ನೂರ ಇಪ್ಪತ್ತು ಜೊತೆ ಸಮವಸ್ತ್ರದ ಬಟ್ಟೆ ಕಟ್ಟುಕಟ್ಟಾಗಿ ಬಿದ್ದಿತ್ತು. ಅರ್ಧ ಕತ್ತರಿಸಿದ್ದು, ಕಾಲು ಭಾಗ ಹೊಲಿದದ್ದು. ಅಷ್ಟು ದೊಡ್ಡ ಕೆಲಸ ಅವಳ ಕೈಗೆ ಬಂದದ್ದು ಅದೇ ಮೊದಲು. ನಡುವೆ ಮನೆ ಬಿಡು ಎಂದರೆ ಮಿಶಿನ್ನು ಹೊತ್ತುಕೊಂಡು ಎಲ್ಲಿಗೆ ಹೋಗುವುದು? ಒಂದು ಕಟ್ಟು ಕಾಣೆಯಾದರೂ ಆ ಶಾಲೆಯ ಮೆಟ್ಟಿಲು ಮತ್ತೆ ಹತ್ತುವ ಹಾಗಿಲ್ಲ.

ಭಾನುವಾರ ಮೆಟ್ಟಿಲ ಬುಡದಲ್ಲೇ ಓನರನ್ನು ಅಡ್ಡಗಟ್ಟಿದಳು. "ನಾವಿಲ್ದಾಗ ಮನೆ ಒಳಗೆ ಬರ್ತೀರಾ ಸಾರ್?"

"ನಾನಾ? ಬಂದಿದ್ರೆ ಮೊದಲು ನೀನು ಹೊಡೆದಿರೋ ಏಳು ಮೊಳೆ ಕೀಳ್ತಿದ್ದೆ!"

"ಏಳು ಅಂತ ಹೇಗೆ ಗೊತ್ತು?"

"ನನ್ನ ಗೋಡೆಗೆ ಬಿದ್ದ ಏಟು ನನಗೆ ಕೇಳ್ಸಲ್ವೇನಮ್ಮಾ? ಕೂತು ಎಣಿಸಿದೀನಿ."

ಅವನ ಹಿಂದೆ ಹೆಂಡತಿ ತಲೆ ತಗ್ಗಿಸಿ ಹೊಸಿಲು ಒರೆಸುತ್ತಿದ್ದಳು.

ಮೊಳೆಯ ಲೆಕ್ಕ ಕೇಳಿದ ಮೇಲೆ ಟೈಲರಮ್ಮನ ಅನುಮಾನ ಗಟ್ಟಿಯಾಯಿತು. ಕಳ್ಳನನ್ನು ಹಿಡಿಯಲು ಜನ ಒಳ್ಳೆಯ ಸಾಮಾನು ಇಡುತ್ತಾರೆ; ಇವಳು ಕೆಟ್ಟ ಸಾಮಾನು ಇಟ್ಟಳು. ಅಡುಗೆಮನೆಯ ಕಪಾಟಿನ ಹಿಡಿಕೆಯ ಸ್ಕ್ರೂ ತಾನೇ ಸಡಿಲಿಸಿದಳು. ಸೋಮವಾರ ಬೆಳಿಗ್ಗೆ ಉಳಿದ ಮಕ್ಕಳ ಅಳತೆ ತೆಗೆಯಲು ಶಾಲೆಗೆ ಹೊರಟಾಗ, "ಹಾಳು ಕಪಾಟು, ಹಿಡಿಕೆ ಕೈಗೇ ಬರುತ್ತೆ!" ಎಂದು ಮೆಟ್ಟಿಲ ಮೇಲೆ ಬೇಕೆಂದೇ ಜೋರಾಗಿ ಬೈದಳು. ಅದಕ್ಕೆ ಮೊದಲೇ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಅರೆದು ಅಡುಗೆಮನೆಯ ಬಾಗಿಲಲ್ಲಿ ತೆಳ್ಳಗೆ ಉದುರಿಸಿದ್ದಳು.

ಮಧ್ಯಾಹ್ನ ಬಂದು ನೋಡಿದರೆ ಹಿಡಿಕೆ ಬಿಗಿಯಾಗಿತ್ತು. ಪುಡಿಯ ಮೇಲೆ ಬರಿಗಾಲಿನ ಒಂದು ಹೆಜ್ಜೆ. ಟೇಪು ಹಿಡಿದಳು. ಎಂಟೂವರೆ ಇಂಚು. ಜನರನ್ನು ಕಣ್ಣಲ್ಲೇ ಅಳೆಯುವವಳು ಅವಳು. ಓನರಿನ ಪಾದ ಹತ್ತೂವರೆಗೆ ಕಡಿಮೆ ಇರಲು ಸಾಧ್ಯವೇ ಇರಲಿಲ್ಲ. ಹಾಗಾದರೆ ಯಾರನ್ನೋ ಕಳಿಸುತ್ತಿದ್ದಾನೆ! ಅವಳಿಗೆ ಮೈಯೆಲ್ಲ ಉರಿಯಿತು.

ಸಂಜೆ ಕಪಾಟಿನ ಇನ್ನೊಂದು ಹಿಡಿಕೆ ಸಡಿಲಿಸಿದಳು. ಮಂಗಳವಾರ ಗಂಡನಿಂದ ಹೊರಗಿನಿಂದ ಬೀಗ ಹಾಕಿಸಿದಳು. "ನೀನು ಇಳಿಯುವಾಗ ಆ ಹಿಡಿಕೆಗೆ ಬೈಕೊಂಡು ಹೋಗು," ಎಂದು ಹೇಳಿಕೊಟ್ಟು, ಬಟ್ಟೆಯ ಕಟ್ಟುಗಳ ಹಿಂದೆ ಕಬ್ಬಿಣದ ಗಜಕೋಲು ಹಿಡಿದು ಕೂತಳು. ಕಾಲು ಜೋಮು ಹಿಡಿಯಿತು. ಹನ್ನೊಂದರ ಸುಮಾರಿಗೆ ಬೀಗ ಕಟಕ್ಕೆಂದಿತು. ಒಳಗೆ ಬಂದ ಹೆಂಗಸು ಚಪ್ಪಲಿ ಹೊರಗೆ ಬಿಟ್ಟು, ಬಟ್ಟೆಯ ಕಡೆ ಕಣ್ಣೂ ಹಾಯಿಸದೆ ಸೀದಾ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೈಯಲ್ಲಿ ಸ್ಕ್ರೂಡ್ರೈವರ್.

ಓನರಿನ ಹೆಂಡತಿ!

"ಅಕ್ಕಾ!"

ಆಕೆ ಬೆಚ್ಚಿಬಿದ್ದು ಸ್ಕ್ರೂಡ್ರೈವರ್ ಕೈಬಿಟ್ಟಳು. "ಅಯ್ಯೋ, ಜೀವ ಹೋಗಿತ್ತಲ್ಲೇ!"

"ನನ್ನ ಜೀವ ಐದು ದಿನದಿಂದ ಹೋಗ್ತಿದೆ. ಅವ್ರು ಕಳಿಸಿದ್ರಾ?"

"ಅವ್ರಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು. ಕೀ ಕಳೆದೋಯ್ತು ಅಂತ ಅವ್ರಿಗೂ ನಾನೇ ಹೇಳಿದ್ದು." ಆಕೆ ನೆಲದ ಮೇಲೆ ಕೂತುಬಿಟ್ಟಳು. "ನಾಕು ವರ್ಷದಲ್ಲಿ ಮೂರು ಬಾಡಿಗೆಯವ್ರು ಹೋದ್ರು. ಒಬ್ರು ಬಲ್ಬಿಗೆ, ಒಬ್ರು ಫ್ಲಶ್ಶಿಗೆ, ಇನ್ನೊಬ್ರು ಬಾಗಿಲ ತಿರುಗಣಿಗೆ. ನನಗೆ ಕೆಲಸ ಬರುತ್ತೆ ಕಣೇ, ಅವ್ರಿಗೆ ಸಾಮಾನು ಹಿಡಿದು ಹಿಡಿದು ಕಲ್ತಿದ್ದು. ನೀನೂ ಹೋದ್ರೆ ಮಿಶಿನ್ ಸದ್ದು ನಿಲ್ಲುತ್ತೆ, ಆಮೇಲೆ ಇಡೀ ದಿನ ಅವರ ಗೊಣಗಾಟ ಒಂದೇ."

ಟೈಲರಮ್ಮನಿಗೆ ನಗು ಬರುವ ಹಾಗಾಯಿತು. ಆದರೂ ಕೋಲು ಕೆಳಗಿಡಲಿಲ್ಲ. "ಬಟ್ಟೆ ಕಟ್ಟು ಮುಟ್ಟಿದೀರಾ?"

"ಒಂದ್ಸಲ. ಕಾಲರ್ ಹೇಗೆ ಕೂರಿಸ್ತೀಯ ಅಂತ ನೋಡ್ದೆ."

"ಯಾವ ಕಟ್ಟು?"

"ಆ ನೀಲಿದು."

ಆಕೆಯನ್ನು ಅಲ್ಲೇ ಕೂರಿಸಿ ಟೈಲರಮ್ಮ ನೀಲಿ ಕಟ್ಟು ಬಿಚ್ಚಿ ಒಂದೊಂದಾಗಿ ಎಣಿಸಿದಳು. ಇಪ್ಪತ್ತಕ್ಕೆ ಇಪ್ಪತ್ತೂ ಇದ್ದವು. ಎಣಿಸುವುದನ್ನು ಆಕೆ ನೋಡುತ್ತಿದ್ದಳು. ಮುಖ ಕೆಂಪಾಗಿತ್ತು.

"ಅಕ್ಕಾ, ನೀವು ಮಾಡಿದ್ದು ಉಪಕಾರಾನೇ. ಆದ್ರೆ ಬೇರೆಯವ್ರ ಬಟ್ಟೆ ಇಟ್ಕೊಂಡಿರೋಳು ನಾನು. ಬಾಗಿಲು ತಟ್ಟದೆ ಬರೋ ಉಪಕಾರ ನನಗೆ ಬೇಡ. ಕೀ ಕೊಡಿ."

ಆಕೆ ಕೊಟ್ಟಳು.

"ಇದೊಂದೇನಾ?"

"ಇದೊಂದೇ ಕಣೇ."

ಟೈಲರಮ್ಮ ಆಕೆಯ ಮುಖವನ್ನೇ ನೋಡಿದಳು. ನಂಬಬೇಕೆನಿಸಿತು. ಮಧ್ಯಾಹ್ನವೇ ಅಂಗಡಿಗೆ ಹೋಗಿ ಹೊಸ ಬೀಗ ತಂದಳು.

ಸಂಜೆ ಬಾಗಿಲು ಹಾರು ಹೊಡೆದು ತೆರೆದಿತ್ತು. ಹೊಸಿಲ ಮೇಲೆ ಕೂತು ಹಳೆಯ ಬೀಗ ಬಿಚ್ಚುತ್ತಿದ್ದವಳು ಓನರಿನ ಹೆಂಡತಿ; ಟೈಲರಮ್ಮನೇ ಕೆಳಗೆ ಹೋಗಿ ಬಾಗಿಲು ತಟ್ಟಿ ಕರೆದು ತಂದಿದ್ದಳು. ಓನರು ಮೆಟ್ಟಿಲ ನಡುವೆ ನಿಂತು ಹೆಂಡತಿಯ ಕೈಯನ್ನೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

"ನಿನಗೆ ಇದೆಲ್ಲ ಯಾವಾಗಿಂದ ಬರುತ್ತೆ?"

"ನೀವು ಸುಮ್ನಿರಿ. ಬೀಗ ಗೋಡೆಯ ಹೊರಗಿದೆ, ಅವ್ರದ್ದು," ಎಂದಳು ಹೆಂಡತಿ, ತಲೆಯೆತ್ತದೆ.

ಕೊನೆಯ ಸ್ಕ್ರೂ ಬಿಗಿದು, ಬೀಗ ಎರಡು ಸಲ ಹಾಕಿ ತೆಗೆದು ನೋಡಿ, ಮೂರೂ ಕೀಗಳನ್ನು ಟೈಲರಮ್ಮನ ಅಂಗೈ ಮೇಲಿಟ್ಟಳು. ಟೈಲರಮ್ಮ ಆಕೆಯ ಕಣ್ಣೆದುರೇ ಒಂದು, ಎರಡು, ಮೂರು ಎಂದು ಎಣಿಸಿಕೊಂಡು, ಆಮೇಲೆ, "ಒಳಗೆ ಬನ್ನಿ ಅಕ್ಕಾ. ಕಾಲರ್ ಹೇಗೆ ಕೂರಿಸೋದು ತೋರಿಸ್ತೀನಿ," ಎಂದಳು.