ಕುಮಾರಿ ಬ್ರಾಹ್ಮಿಯ ಕೊನೆಯ ಪ್ಯಾರಾ

ಕುಮಾರಿ ಬ್ರಾಹ್ಮಿಯನ್ನು ಕೊಂದವಳು ನಾನೇ. ಅದೂ ಅಚ್ಚಿಗೆ ಹೊರಟ ನನ್ನ ಪುಸ್ತಕದ ನಲವತ್ತನೆಯ ಪುಟದಲ್ಲಿ, ಒಂದೇ ವಾಕ್ಯದಲ್ಲಿ: 'ಇಪ್ಪತ್ತೊಂದರ ವಯಸ್ಸಿಗೇ ಅಕಾಲ ಮರಣಕ್ಕೆ ತುತ್ತಾದರು.'

ಬೆಳಗಾವಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನಾನು ನಾಲ್ಕು ವರ್ಷ ಈ ಹುಡುಗಿಯ ಬೆನ್ನು ಹತ್ತಿದ್ದೆ. ಐವತ್ತರ ದಶಕದಲ್ಲಿ ಊರಿನ ಮಾಸಪತ್ರಿಕೆಯೊಂದರಲ್ಲಿ ಅವಳ ಏಳು ಕಥೆಗಳು ಬಂದಿದ್ದವು. ಹೆಸರಿನ ಮುಂದೆ ವಯಸ್ಸು, 'ಸಾಂಬ್ರಾ' ಅಂತ ಊರು, ಅಷ್ಟೇ. 1959ರ ನಂತರ ಕಥೆಯೂ ಇಲ್ಲ, ಯಾವ ಕಾಗದದಲ್ಲೂ ಆ ಹೆಸರೂ ಇಲ್ಲ. ಇಷ್ಟು ಚೆಂದ ಬರೆಯುವವಳು ಬದುಕಿದ್ದರೆ ಸುಮ್ಮನಿರುತ್ತಿದ್ದಳೇ ಎಂದು ನನ್ನ ಜೊತೆ ನಾನೇ ವಾದ ಮಾಡಿ ಗೆದ್ದೆ.

ಕರಡು ತಿದ್ದುವಾಗ, ಒಂದು ಫೋಟೋ ಸಿಕ್ಕೀತೆಂದು ಸಾಂಬ್ರಾಕ್ಕೆ ಮತ್ತೆ ಹೋದೆ. ಮೊದಲು ಮೂರು ಸಲ ಹೋಗಿ ಬರಿಗೈಲಿ ಬಂದಿದ್ದೆ. ಈ ಸಲ ಚಹಾದಂಗಡಿಯಲ್ಲಿ ತಮ್ಮಣ್ಣ ಎಂಬ ಎಪ್ಪತ್ತರ ರೈತರು ಸಿಕ್ಕರು. ಬ್ರಾಹ್ಮಿ ಅವರ ಸೋದರತ್ತೆ. ತೀರಿಕೊಂಡ ವರ್ಷ ಯಾವುದೆಂದು ಕೇಳಿದೆ.

"ಸಾಯೂದ್ಯಾಕ್ರಿ? ಲಗ್ನ ಆಗ್ಯಾರ. ಅಕ್ಕಿ ಮ್ಯಾಲ ಹೆಸರು ಬರದ ಮ್ಯಾಲ ಬ್ರಾಹ್ಮಿ ಅಂತ ಯಾರು ಕರೀತಾರ? ಖಾನಾಪುರದಾಗ ಶಾಂತಮ್ಮ ಅಂತ ಕೇಳ್ರಿ."

ನಾಚಿಕೆಯಿಂದ ಸತ್ತುಹೋದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಗಂಡ ತಾಟಿನ ಅಕ್ಕಿಯ ಮೇಲೆ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಗೆ ಹಳೆಯ ಹೆಸರು ತವರಿನ ಪಾಲು. ಇದು ಗೊತ್ತಿರಲಿಲ್ಲ ಎನ್ನಲು ನನಗೆ ಬಾಯಿಲ್ಲ. ಅಜ್ಜಿಯ ಹೆಸರು ಹೊತ್ತು ಬಸವಣ್ಣೆವ್ವ ಎಂದು ಬೆಳೆದವಳು ನಾನು. ಪೂರ್ಣಿಮಾ ಆದದ್ದೇ ನನ್ನ ಗಂಡ ಬರೆದ ಅಕ್ಕಿಯಿಂದ. ಶಾಲೆಯಲ್ಲಿ ಎಲ್ಲರೂ ಗೇಲಿ ಮಾಡುತ್ತಿದ್ದ ಹೆಸರು ತೊಲಗಿತೆಂದು ಖುಷಿಪಟ್ಟು ಅದನ್ನು ಎಷ್ಟು ಮರೆತಿದ್ದೆನೆಂದರೆ, ಇನ್ನೊಬ್ಬಳಿಗೂ ಹಾಗೇ ಆಗಿರಬಹುದೆಂದು ಹೊಳೆಯಲೇ ಇಲ್ಲ.

ಮರುದಿನವೇ ಖಾನಾಪುರದ ಬಸ್ಸು ಹತ್ತಿದೆ. ಮದುವೆಯೆಂಬುದು ಒಬ್ಬ ಲೇಖಕಿಯನ್ನು ಹೇಗೆ ನುಂಗಿತು ಎಂಬ ಹೊಸ ಅಧ್ಯಾಯವನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬರೆದೆ.

ಪೇಟೆಯ ಹಿಂದಿನ ಮನೆ. ಶಾಂತಮ್ಮನವರಿಗೆ ಎಂಬತ್ತಾರು. ನನ್ನ ತಪ್ಪನ್ನೆಲ್ಲ ಒಪ್ಪಿಕೊಂಡೆ. ಮಗ ಬಾಹುಬಲಿ ನಕ್ಕುಬಿಟ್ಟರು. ಅವ್ವ ಕಿರಾಣಿ ಚೀಟಿ ಬಿಟ್ಟು ಬೇರೇನೂ ಬರೆದದ್ದು ತಾವು ಕಂಡಿಲ್ಲ, ಆ ಬ್ರಾಹ್ಮಿ ಬೇರೆ ಯಾರೋ ಇರಬೇಕು ಎಂದರು. ಮುದುಕಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನನಗೆ ಹೆದರಿಕೆಯಾಯಿತು. ಈಕೆ ತನ್ನ ಕಥೆಗಳನ್ನು ತನ್ನವೆಂದು ಒಪ್ಪದಿದ್ದರೆ ನಾನು ಯಾವ ಬಾಯಿಂದ ಅವಳನ್ನು ಬದುಕಿಸಲಿ?

ಕೊನೆಯ ಕಥೆಯ ಝೆರಾಕ್ಸ್ ಕೈಗಿಟ್ಟೆ. ಅದರಲ್ಲಿ ಸೊಸೆಯೊಬ್ಬಳು ಅತ್ತೆಯ ಮಾತು ತಾಳಲಾರದೆ ಮನೆ ಬಿಟ್ಟು ಹೋಗುತ್ತಾಳೆ. ಕೊನೆಯ ಪ್ಯಾರಾದಲ್ಲಿ ತಿರುಗಿ ಬಂದು ಅತ್ತೆಯ ಕಾಲು ಹಿಡಿಯುತ್ತಾಳೆ. ಶಾಂತಮ್ಮ ಭೂತಗನ್ನಡಿ ಹಿಡಿದು ನಿಧಾನವಾಗಿ ಓದಿದರು. ಚಹಾ ಆರಿತು. ಆಮೇಲೆ ನನ್ನ ಪೆನ್ನು ಕೇಳಿ ಇಸಿದುಕೊಂಡು ಆ ಕೊನೆಯ ಪ್ಯಾರಾದ ಮೇಲೆ ಎರಡು ಗೀಟು ಎಳೆದರು.

"ಇದು ನಂದಲ್ಲ. ಪತ್ರಿಕಾದವರು ಹಚ್ಚಿದ್ದು."

ಉಳಿದದ್ದು ಅವರದೇ ಎಂದು ಹೇಳಿದಂತಾಯಿತು. ಬಾಹುಬಲಿಯವರ ನಗು ನಿಂತಿತ್ತು. ಮದುವೆಯಾದ ಮೇಲೆ ಮನೆಯವರು ಬರೆಯಗೊಡಲಿಲ್ಲವೇ ಎಂದು ಆಸೆಯಿಂದಲೇ ಕೇಳಿದೆ.

"ನಮ್ಮ ಯಜಮಾನ್ರು ಬರಿ ಅಂತನs ಇದ್ರು. ನಾನs ಒಲ್ಲೆ ಅಂದೆ. ನನ್ನ ಹೆಸರಿನ ಕೆಳಗ ಮಂದಿ ಮಾತು ಹಾಕ್ತಾರಂದ್ರ ಯಾಕ ಬರೀಬೇಕು?"

ಬಸ್ಸಿನಲ್ಲಿ ಬರೆದ ಅಧ್ಯಾಯವೂ ಮಣ್ಣುಪಾಲಾಯಿತು. ಹಾಗಾದರೆ ಕಥೆ ಹೇಗೆ ಮುಗಿಯುತ್ತಿತ್ತು ಎಂದೆ. ಸೊಸೆ ತಿರುಗಿ ಬರುವುದಿಲ್ಲ, ಹೊಳೆ ದಾಟಿ ಹೋಗುತ್ತಾಳೆ, ಅಷ್ಟೇ ಎಂದರು. ನಾನು ಅದನ್ನು ಬರೆದುಕೊಳ್ಳತೊಡಗಿದೆ.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಬಾಹುಬಲಿಯವರ ಹೆಂಡತಿ ಅಲ್ಲಿಯವರೆಗೆ ತುಟಿ ಬಿಚ್ಚಿರಲಿಲ್ಲ.

"ಎಲ್ಲಿಗಿ ಹೋಗ್ತಾಳ್ರಿ, ಅತ್ತಿ?"

ಶಾಂತಮ್ಮ ಭೂತಗನ್ನಡಿ ಕೆಳಗಿಟ್ಟು ಸೊಸೆಯ ಕಡೆ ತಿರುಗಿದರು.

"ಅದು ಮುಂದಿನ ಕಥಿ. ಬರೀಲಿಲ್ಲ."

ಅರವತ್ತೈದು ವರ್ಷಗಳಲ್ಲಿ ಮುಂದೇನೆಂದು ಕೇಳಿದ ಮೊದಲನೆಯವಳು ಈ ಸೊಸೆ.